ನಾಲಿಗೆ ನೋಡಿ ಏನು ಹೇಳಬಹುದು, ಏನು ಹೇಳಲಾಗದು?

ಆರೈಕೆ_ಕೈಪಿಡಿ ಕೇಳಿದ ಪ್ರಶ್ನೆ:

ಹಾಸಿಗೆ ಹಿಡಿದವರನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಸಹಾಯಕರಿಗಾಗಿ ಬಾಯಿ ಪರೀಕ್ಷೆಯ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಹಲ್ಲು, ವಸಡು ಮುಗಿದಿದೆ. ನಾಲಿಗೆಯ ಪುಟ ಬಾಕಿ. ಹುಡುಕಿದಲ್ಲೆಲ್ಲ ಸಿಗುವುದು ಬಣ್ಣದ ಪಟ್ಟಿ: ಬಿಳಿಯಾದರೆ ಹೊಟ್ಟೆ, ಹಳದಿಯಾದರೆ ಲಿವರ್, ತುದಿ ಕೆಂಪಾದರೆ ಹೃದಯ. ಹಾಗೇ ಇಳಿಸಿಕೊಂಡರೆ ಪುಟವೇನೋ ತುಂಬುತ್ತದೆ. ಆದರೆ ಓದಿದವರು ಸುಮ್ಮಸುಮ್ಮನೆ ಹೆದರುತ್ತಾರೆ, ಇಲ್ಲವೇ ನಿಜವಾಗಿ ಹೆದರಬೇಕಾದದ್ದನ್ನೇ ಬಿಟ್ಟುಬಿಡುತ್ತಾರೆ.

ನನಗೆ ಬೇಕಿರುವುದು ಇಷ್ಟು. ಬಿಳಿ ಪದರ ಕಂಡಾಗ ಅದು ಮಾಮೂಲಿ ಕೊಳೆಯೋ, ಫಂಗಸ್ಸೋ, ಬೇರೇನೋ ಎಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ? ನಾಲಿಗೆ ನುಣ್ಣಗೆ ಕೆಂಪಾಗಿದ್ದರೆ ಯಾವ ರಕ್ತಪರೀಕ್ಷೆ ಕೇಳಬೇಕು? ಯಾವುದನ್ನು ಕಂಡರೆ ಕಾಯಲೇಬಾರದು? ಸ್ವಚ್ಛ ಮಾಡುವುದು ಎಷ್ಟಾದರೆ ಸಾಕು, ಎಲ್ಲಿಂದ ಅತಿಯಾಗುತ್ತದೆ? ಬಲ್ಲವರು ಸ್ವಲ್ಪ ವಿವರವಾಗಿ ಬರೆದರೆ ಉಪಕಾರ.

ಬಾಯಿರೋಗ_ವೈದ್ಯೆ:

ಬಣ್ಣದ ಪಟ್ಟಿಯನ್ನು ಕೈಪಿಡಿಯಿಂದ ತೆಗೆದುಬಿಡಿ. ನಾಲಿಗೆಯ ವಿಷಯದಲ್ಲಿ ಬಣ್ಣಕ್ಕಿಂತ ಮೂರು ಪ್ರಶ್ನೆಗಳಿಗೆ ಬೆಲೆ ಹೆಚ್ಚು: ಒರೆಸಿದರೆ ಹೋಗುತ್ತದೆಯೇ, ಜಾಗ ಬದಲಿಸುತ್ತದೆಯೇ, ಎರಡು ವಾರ ದಾಟಿದರೂ ಅಲ್ಲೇ ಇದೆಯೇ. ನಿಮ್ಮ ಸಹಾಯಕರು ಈ ಮೂರಕ್ಕೆ ಉತ್ತರ ಬರೆದು ತಂದರೆ ವೈದ್ಯರ ಅರ್ಧ ಕೆಲಸ ಆದಂತೆ.

ಆರೋಗ್ಯವಂತ ನಾಲಿಗೆಯ ಮೇಲೂ ತೆಳು ಬಿಳಿ ಪದರ ಇದ್ದೇ ಇರುತ್ತದೆ. ನಾಲಿಗೆಯ ಮೇಲ್ಭಾಗದ ತುಂಬ ಫಿಲಿಫಾರ್ಮ್ ಪ್ಯಾಪಿಲ್ಲ ಎಂಬ ಸಣ್ಣ ಎಳೆಗಳಿವೆ. ಇವುಗಳಲ್ಲಿ ರುಚಿಮೊಗ್ಗು ಇಲ್ಲ, ತುದಿಯಲ್ಲಿ ಕೆರಟಿನ್ ಇರುತ್ತದೆ. ಉದುರಿದ ಜೀವಕೋಶ, ಬ್ಯಾಕ್ಟೀರಿಯಾ, ಆಹಾರದ ಕಣ, ಲಾಲಾರಸದ ಲೋಳೆ ಎಲ್ಲ ಈ ಎಳೆಗಳ ನಡುವೆ ಸಿಕ್ಕಿಕೊಂಡು ಪದರವಾಗುತ್ತದೆ. ಗಟ್ಟಿ ಆಹಾರ ಅಗಿಯುವಾಗ ನಾಲಿಗೆ ತಾನಾಗಿಯೇ ಉಜ್ಜಿಕೊಂಡು ಇದು ಹೋಗುತ್ತಿರುತ್ತದೆ. ಮೆತ್ತಗಿನ ಊಟ, ಜ್ವರ, ನೀರು ಕಡಿಮೆ ಕುಡಿಯುವುದು, ಬಾಯಿ ತೆರೆದು ಮಲಗುವುದು, ಸಿಗರೇಟು ಇವುಗಳಿಂದ ಪದರ ದಪ್ಪಗಾಗುತ್ತದೆ. ಹಾಸಿಗೆ ಹಿಡಿದವರಲ್ಲಿ ಇವುಗಳಲ್ಲಿ ಮೂರ್ನಾಲ್ಕು ಒಟ್ಟಿಗೇ ಇರುವುದರಿಂದ ಅವರ ನಾಲಿಗೆ ಬಿಳಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಒರೆಸಿ ನೋಡುವುದು ಹೀಗೆ. ಗಾಜ್ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ, ತೋರುಬೆರಳಿಗೆ ಸುತ್ತಿ, ಬಿಳಿ ಜಾಗದ ಮೇಲೆ ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಒಣ ಗಾಜ್ ಬೇಡ, ಅದೇ ಗೀರಿ ಕೆಂಪು ಮಾಡುತ್ತದೆ. ಬಿಳಿ ಬಂದು ಕೆಳಗೆ ಮಾಮೂಲಿ ಗುಲಾಬಿ ಮೈ ಕಂಡರೆ ಅದು ಕೊಳೆ. ಮೊಸರಿನ ಗಡ್ಡೆಯ ಹಾಗೆ ಎದ್ದುಬಂದು ಕೆಳಗೆ ಹಸಿ ಕೆಂಪು ಕಂಡರೆ, ಮುಟ್ಟಿದರೆ ಉರಿದರೆ ಅಥವಾ ರಕ್ತ ಜಿನುಗಿದರೆ ಕ್ಯಾಂಡಿಡಾ ಫಂಗಸ್ ಇರಬಹುದು. ಕೆನ್ನೆಯ ಒಳಭಾಗ ಮತ್ತು ಅಂಗುಳನ್ನೂ ನೋಡಿ, ಅಲ್ಲೂ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಏನು ಮಾಡಿದರೂ ಬಾರದ ಬಿಳಿ ಮಚ್ಚೆ ಇದ್ದರೆ ಅದು ಮನೆಯಲ್ಲಿ ತೀರ್ಮಾನ ಮಾಡುವ ವಿಷಯವಲ್ಲ. ಅದು ಲ್ಯೂಕೋಪ್ಲೇಕಿಯಾ (ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ) ಇರಬಹುದು, ಲೈಕೆನ್ ಪ್ಲೇನಸ್ (ಬಹುಕಾಲದ ಉರಿಯೂತದ ಕಾಯಿಲೆ) ಇರಬಹುದು, ಚೂಪು ಹಲ್ಲು ಉಜ್ಜಿ ದಪ್ಪಗಟ್ಟಿದ ಚರ್ಮವೂ ಇರಬಹುದು. ನೋಡಿದ ವೈದ್ಯರು ಬೇಕೆನಿಸಿದರೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡುತ್ತಾರೆ. ಒಂದು ಮಾತು ದಪ್ಪಕ್ಷರದಲ್ಲಿ ಹಾಕಿ: ಅಲುಗಾಡದ ಬಿಳಿ ಮಚ್ಚೆಗಿಂತ, ಕಾರಣ ಗೊತ್ತಾಗದ ಮಖಮಲ್ಲಿನಂಥ ಕೆಂಪು ಮಚ್ಚೆ ಹೆಚ್ಚು ಅಪಾಯ. ಎರಿಥ್ರೊಪ್ಲೇಕಿಯಾ ಎನ್ನುವ ಇದು ಕಂಡಾಗಲೇ ಎಷ್ಟೋ ಸಲ ಕ್ಯಾನ್ಸರ್‌ ಆಗಿರುತ್ತದೆ, ಇಲ್ಲವೇ ಅದರ ಅಂಚಿನಲ್ಲಿರುತ್ತದೆ. ಬಿಳಿಗೆ ಹೆದರುವವರು ಕೆಂಪನ್ನು ಉಷ್ಣ ಎಂದುಕೊಂಡು ಬಿಟ್ಟುಬಿಡುತ್ತಾರೆ.

ನಾಲಿಗೆ ತೋರಿಸಿ ಎಂದರೆ ಎಲ್ಲರೂ ಮುಂದಕ್ಕೆ ಚಾಚುತ್ತಾರೆ, ನೋಡುವವರು ಮೇಲ್ಭಾಗ ನೋಡಿ ಮುಗಿಸುತ್ತಾರೆ. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಬರುವುದು ಪಕ್ಕದ ಅಂಚಿನಲ್ಲಿ, ಅದರಲ್ಲೂ ಹಿಂದಿನ ಅರ್ಧದಲ್ಲಿ, ಮತ್ತು ತಳದಲ್ಲಿ. ಆದ್ದರಿಂದ ಹಲ್ಲಿನ ಸೆಟ್ ಇದ್ದರೆ ತೆಗೆಸಿ, ಟಾರ್ಚ್ ಬಿಡಿ, ತುದಿಯನ್ನು ಗಾಜ್‌ನಲ್ಲಿ ಹಿಡಿದು ಮೆಲ್ಲಗೆ ಬಲಕ್ಕೆ ಎಳೆದು ಎಡ ಅಂಚನ್ನು ದವಡೆ ಹಲ್ಲಿನ ಹಿಂದಿನವರೆಗೂ ನೋಡಿ. ಆಮೇಲೆ ಎಡಕ್ಕೆ ಎಳೆದು ಬಲ ಅಂಚು. ತುದಿಯನ್ನು ಅಂಗುಳಿಗೆ ತಾಗಿಸಲು ಹೇಳಿದರೆ ತಳವೂ ಬಾಯಿಯ ನೆಲವೂ ಕಾಣುತ್ತದೆ. ಕಡೆಯದಾಗಿ ಗ್ಲೌಸ್ ಹಾಕಿದ ಬೆರಳಿಂದ ಎರಡೂ ಅಂಚುಗಳನ್ನು ಒತ್ತಿ ನೋಡಿ. ಕಣ್ಣಿಗೆ ಸಣ್ಣ ಹುಣ್ಣು, ಬೆರಳಿಗೆ ಅದರ ಸುತ್ತ ಗಡುಸು ಎಂದಾದರೆ ಅದು ತಡಮಾಡದೆ ತೋರಿಸಬೇಕಾದ ಹುಣ್ಣು. ನೋವಿಲ್ಲ ಎಂಬುದು ಸಮಾಧಾನದ ಲಕ್ಷಣವಲ್ಲ. ಮಾಮೂಲಿ ಬಾಯಿಹುಣ್ಣು ಪ್ರಾಣ ಹಿಂಡುತ್ತದೆ, ಶುರುವಿನ ಕ್ಯಾನ್ಸರ್ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ.

ಮಾಮೂಲಿ ಬಾಯಿಹುಣ್ಣು 7ರಿಂದ 14 ದಿನದಲ್ಲಿ ಮಾಯುತ್ತದೆ. ಎರಡು ವಾರದ ಲೆಕ್ಕ ಬಂದದ್ದು ಇಲ್ಲಿಂದಲೇ. ಮುರಿದ ಹಲ್ಲು ಅಥವಾ ಸೆಟ್ಟಿನ ಚೂಪು ಅಂಚು ಕಂಡರೆ ಮೊದಲು ಅದನ್ನು ಸರಿಮಾಡಿಸಿ. ಸರಿಮಾಡಿಸಿ ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ಹಲ್ಲಿನ ಮೇಲೆ ತಪ್ಪು ಹೊರಿಸಿ ಕೂರಬಾರದು. ತಂಬಾಕು, ಅಡಿಕೆ, ಮದ್ಯದ ಬಳಕೆ ಇದ್ದವರಲ್ಲಂತೂ ಕೈಪಿಡಿ ಇನ್ನಷ್ಟು ಕಟ್ಟುನಿಟ್ಟಾಗಿರಲಿ.

ಹೆದರದೆ ಬಿಡಬಹುದಾದವೂ ಇವೆ. ನಾಲಿಗೆಯ ತೀರಾ ಹಿಂದೆ ತಲೆಕೆಳಗಾದ ವಿ ಆಕಾರದಲ್ಲಿ ಸಾಲಾಗಿ 8ರಿಂದ 12 ದೊಡ್ಡ ಗುಂಡುಗಳಿರುತ್ತವೆ, ಅವು ರುಚಿಮೊಗ್ಗುಗಳಿರುವ ಪ್ಯಾಪಿಲ್ಲ. ಹಿಂಬದಿಯ ಪಕ್ಕದಲ್ಲಿ ಎರಡೂ ಕಡೆ ಕೆಂಪಗೆ ಮಡಿಕೆ ಮಡಿಕೆಯಾಗಿ ಕಾಣುವುದು ಫೋಲಿಯೇಟ್ ಪ್ಯಾಪಿಲ್ಲ. ಇಲ್ಲಿ ಒಂದು ಉಪಾಯ ಹೇಳಿಕೊಡಿ: ಎರಡೂ ಬದಿಯಲ್ಲಿ ಒಂದೇ ಥರ ಇದ್ದರೆ ರಚನೆ, ಒಂದೇ ಬದಿಯಲ್ಲಿ ಇದ್ದರೆ ಅನುಮಾನ. ವಯಸ್ಸಾದವರ ನಾಲಿಗೆಯ ತಳದಲ್ಲಿ ಉಬ್ಬಿದ ನೇರಳೆ ರಕ್ತನಾಳಗಳೂ ನಿರಪಾಯ. ಬಿರುಕು ನಾಲಿಗೆಯೂ ಅಷ್ಟೇ, ಬಿರುಕಿನಲ್ಲಿ ಆಹಾರ ಸಿಕ್ಕಿಕೊಳ್ಳದಂತೆ ನೋಡಿಕೊಂಡರೆ ಸಾಕು. ಇನ್ನು ಬಿಳಿ ಅಂಚಿನ ಕೆಂಪು ತೇಪೆಗಳು, ಇವತ್ತು ಇಲ್ಲಿ ಕೆಲವು ದಿನ ಬಿಟ್ಟು ಇನ್ನೊಂದೆಡೆ ಕಾಣಿಸಿಕೊಂಡರೆ ಅದು ಜಿಯೋಗ್ರಾಫಿಕ್ ಟಂಗ್. ನೂರರಲ್ಲಿ ಒಬ್ಬರಿಂದ ಮೂವರಿಗೆ ಇರುತ್ತದೆ, ಅಂಟುವುದಿಲ್ಲ, ಕ್ಯಾನ್ಸರ್ ಆಗುವುದಿಲ್ಲ, ಔಷಧಿ ಬೇಡ. ಹುಳಿ, ಖಾರಕ್ಕೆ ಉರಿದರೆ ಅವನ್ನು ತಗ್ಗಿಸಿ. ಜಾಗ ಬದಲಿಸುತ್ತದೆಯೇ ಎಂದು ಕೇಳಲು ಹೇಳಿದ್ದು ಇದಕ್ಕೇ.

ರಕ್ತಪರೀಕ್ಷೆ_ಫಿಸಿಶಿಯನ್:

ಮೇಡಂ ಬಾಯಿಯ ಭಾಗ ಹೇಳಿದ್ದಾರೆ, ನಾನು ದೇಹದ ಭಾಗ ಹೇಳುತ್ತೇನೆ. ದೇಹದ ಒಳಗಿನ ಕೊರತೆಯನ್ನು ನಾಲಿಗೆ ನಿಜವಾಗಿ ತೋರಿಸುವುದು ಒಂದು ರೂಪದಲ್ಲಿ: ಬೋಳು ನಾಲಿಗೆ. ಎಳೆಗಳು ಸವೆದು ಮೇಲ್ಮೈ ನುಣ್ಣಗೆ ಹೊಳೆಯುತ್ತದೆ, ಬಿಸಿಗೂ ಖಾರಕ್ಕೂ ಉರಿಯುತ್ತದೆ. ಪ್ಯಾಪಿಲ್ಲದ ಜೀವಕೋಶಗಳು ಬೇಗ ಬೇಗ ಹುಟ್ಟಿ ಸಾಯುವಂಥವು. ಕಬ್ಬಿಣ, ಬಿ12, ಫೋಲೇಟ್ ಸಾಲದಾದಾಗ ಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಇದೂ ಒಂದು. ರಿಬೋಫ್ಲೇವಿನ್, ನಿಯಾಸಿನ್ ಎಂಬ ಬಿ ವಿಟಮಿನ್‌ಗಳ ಕೊರತೆಯಲ್ಲೂ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲೂ ಹೀಗಾಗಬಹುದು. ಬಣ್ಣ ನೋಡಿ ಯಾವ ಕೊರತೆ ಎಂದು ಹೇಳಹೋಗಬೇಡಿ. ಕಬ್ಬಿಣದ ಕೊರತೆಯಲ್ಲಿ ಪೇಲವ, ಬಿ12 ಕೊರತೆಯಲ್ಲಿ ದನದ ಮಾಂಸದಂಥ ಕೆಂಪು ಎಂದು ಪಠ್ಯಪುಸ್ತಕ ಹೇಳುತ್ತದೆ ನಿಜ, ಆದರೆ ಎರಡೂ ಒಟ್ಟಿಗಿದ್ದರೆ ಆ ಲೆಕ್ಕ ನಡೆಯುವುದಿಲ್ಲ.

ಮೊದಲ ಸುತ್ತಿಗೆ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಕಬ್ಬಿಣದ ದಾಸ್ತಾನು), ಸೀರಂ ಬಿ12, ಫೋಲೇಟ್ ಸಾಕು, ಜೊತೆಗೆ ಸಕ್ಕರೆ ಮತ್ತು ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ). ಓದುವಾಗ ಎಡವುವ ಜಾಗಗಳು ಮೂರು. ಹಿಮೋಗ್ಲೋಬಿನ್ ಸರಿಯಿದೆ ಎಂದು ಬಿ12 ಬಿಡಬೇಡಿ. ರಕ್ತ ಕಡಿಮೆಯಾಗುವ ಮೊದಲೇ ನಾಲಿಗೆ ಉರಿ, ಕೈಕಾಲು ಜೋಮು ಶುರುವಾಗಬಹುದು. ಎರಡನೆಯದು ಎಂಸಿವಿ, ಅಂದರೆ ಕೆಂಪು ಕಣಗಳ ಸರಾಸರಿ ಗಾತ್ರ. ಬಿ12 ಕೊರತೆಯಲ್ಲಿ ಕೆಂಪು ಕಣ ದೊಡ್ಡದಾಗಿ ಎಂಸಿವಿ 100 ದಾಟುತ್ತದೆ, ಕಬ್ಬಿಣದ ಕೊರತೆಯಲ್ಲಿ 80ಕ್ಕಿಂತ ಇಳಿಯುತ್ತದೆ, ಎರಡೂ ಇದ್ದರೆ ನಡುವೆ ನಿಂತು 90 ಎಂದು ತೋರಿಸಿ ಎಲ್ಲ ಸರಿ ಎಂಬ ಭ್ರಮೆ ಹುಟ್ಟಿಸುತ್ತದೆ. ಆಗ ಆರ್‌ಡಿಡಬ್ಲ್ಯು (ಕಣಗಳ ಗಾತ್ರದಲ್ಲಿನ ಏರುಪೇರು) ಹೆಚ್ಚಿರುವುದೇ ಸುಳಿವು. ಮೂರನೆಯದು ಫೆರಿಟಿನ್: ಮಿಲಿಲೀಟರಿಗೆ 30 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣ ಖಾಲಿ ಎಂದೇ ಹಿಡಿಯಬಹುದು, ಆದರೆ ಸೋಂಕು, ಉರಿಯೂತ ಇದ್ದಾಗ ಅದು ಸುಳ್ಳಾಗಿ ಮೇಲೇರುತ್ತದೆ. ಹಾಸಿಗೆ ಹುಣ್ಣು ಇರುವ ರೋಗಿಯ ಫೆರಿಟಿನ್ 80 ಎಂದರೆ ಅದನ್ನು ನಂಬುವ ಮೊದಲು ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆ ನೋಡಿ. ಸೀರಂ ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಾದರೆ ಕೊರತೆ, 200ರಿಂದ 300ರ ನಡುವೆ ಇದ್ದು ಲಕ್ಷಣಗಳಿದ್ದರೆ ಮಿಥೈಲ್ ಮಲೋನಿಕ್ ಆಸಿಡ್ ಪರೀಕ್ಷೆಯಿಂದ ಖಚಿತವಾಗುತ್ತದೆ.

ಬಿ12 ಯಾಕೆ ಇಳಿಯಿತು ಎಂದೂ ಕೇಳಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ), ವರ್ಷಗಟ್ಟಲೆ ಆಸಿಡಿಟಿ ಮಾತ್ರೆ, ಪ್ರಾಣಿಮೂಲದ ಆಹಾರವಿಲ್ಲದಿರುವುದು, ಹೊಟ್ಟೆಯ ಆಪರೇಷನ್, ಹೊಟ್ಟೆ ಬಿ12 ಹೀರಿಕೊಳ್ಳಲು ನೆರವಾಗದ ಪರ್ನಿಶಿಯಸ್ ಅನೀಮಿಯಾ, ಇವು ಸಾಮಾನ್ಯ ಕಾರಣಗಳು. ಲಿವರ್‌ನಲ್ಲಿ ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ಕಾಣುವ ಹೊತ್ತಿಗೆ ಕಾರಣ ಹಳೆಯದಾಗಿರುತ್ತದೆ. ಪರೀಕ್ಷೆಗೆ ಮೊದಲೇ ಫೋಲಿಕ್ ಆಸಿಡ್ ಮಾತ್ರೆ ನುಂಗಿಸಬೇಡಿ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಉರಿ ಮೊದಲು ಇಳಿಯುತ್ತದೆ, ಎಳೆಗಳು ಮತ್ತೆ ಬೆಳೆಯಲು ಕೆಲವು ವಾರ ಬೇಕು.

ಇನ್ನು ನೀಲಿ. ಇದೊಂದು ಬಣ್ಣವನ್ನು ಮಾತ್ರ ನಾನು ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತೇನೆ. ಬೆರಳು ನೀಲಿ, ನಾಲಿಗೆ ಗುಲಾಬಿ ಎಂದರೆ ಕೈ ತಣ್ಣಗಾಗಿರಬಹುದು. ನಾಲಿಗೆಯೇ ನೀಲಿಯಾದರೆ ರಕ್ತದಲ್ಲಿ ಆಮ್ಲಜನಕ ಇಳಿದಿದೆ, ತುರ್ತು. ಆದರೆ ನಾಲಿಗೆ ನೀಲಿಯಾಗಿಲ್ಲ ಎಂದು ಧೈರ್ಯ ತೆಗೆದುಕೊಳ್ಳಬೇಡಿ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಸುಮಾರು 5 ಗ್ರಾಂ ಆದಾಗ ನೀಲಿ ಕಣ್ಣಿಗೆ ಬೀಳುವುದು. ಒಟ್ಟು ಹಿಮೋಗ್ಲೋಬಿನ್ನೇ 7 ಇರುವವರಲ್ಲಿ ಅದು ಕಾಣುವ ಮೊದಲೇ ಅನಾಹುತ ಆಗಿರುತ್ತದೆ. ಉಸಿರಾಟ ಭಾರ ಎನಿಸಿದರೆ ಪಲ್ಸ್ ಆಕ್ಸಿಮೀಟರ್ ಹಾಕಿ.

ಒಣ ನಾಲಿಗೆ ಕಂಡ ತಕ್ಷಣ ನೀರು ಸಾಲದು ಎಂದು ಬರೆಯುವುದೂ ಅವಸರ. ಬಾಯಲ್ಲಿ ಉಸಿರಾಡುವವರ ನಾಲಿಗೆಯ ಮೇಲ್ಭಾಗ ನೀರು ಸಾಕಷ್ಟಿದ್ದರೂ ಒಣಗುತ್ತದೆ. ನಾಲಿಗೆ ಎತ್ತಿ ತಳ ನೋಡಿ. ಅಲ್ಲಿ ಲಾಲಾರಸ ನಿಂತಿದ್ದರೆ ಬಾಯಿ ಉಸಿರಾಟದ ಒಣಗು. ತಳವೂ ಒಣಗಿ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗಿದ್ದರೆ ನೀರಿನ ಕೊರತೆ.

ದಪ್ಪಗಾಗಿ ಅಂಚಿನಲ್ಲಿ ಹಲ್ಲಿನ ಅಚ್ಚು ಬಿದ್ದ ನಾಲಿಗೆ: ಹಲ್ಲು ಕಡಿಯುವ ಅಭ್ಯಾಸದಲ್ಲೂ ಕಾಣುತ್ತದೆ. ಹಲ್ಲು ಉದುರಿದವರಲ್ಲಿ ಜಾಗ ಸಿಕ್ಕು ನಾಲಿಗೆ ಅಗಲವಾಗುವುದೂ ಉಂಟು. ನಿಜವಾಗಿ ದೊಡ್ಡದಾಗುತ್ತಾ ಬಂದಿದ್ದರೆ ಥೈರಾಯ್ಡ್ ಕೊರತೆ, ಅಮಿಲಾಯ್ಡೋಸಿಸ್ (ಅಂಗಗಳಲ್ಲಿ ಅಸಹಜ ಪ್ರೊಟೀನ್ ಶೇಖರಣೆ), ಅಕ್ರೋಮೆಗಲಿ (ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗುವುದು) ಯೋಚಿಸಬೇಕು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವುದು ಇದೆಯೇ ಎಂದು ಜೊತೆಗೆ ಮಲಗುವವರನ್ನು ಕೇಳಿ.

ನಿಮ್ಮ ಕೈಪಿಡಿ ದೊಡ್ಡವರಿಗೆ, ಆದರೂ ಮಕ್ಕಳ ಒಂದು ಸಾಲು ಸೇರಿಸಿ. ಜ್ವರದ ಜೊತೆ ನಾಲಿಗೆ ಸ್ಟ್ರಾಬೆರಿಯಂತೆ ಕೆಂಪಾಗಿ ಚುಕ್ಕೆ ಎದ್ದಿದ್ದರೆ ಸ್ಕಾರ್ಲೆಟ್ ಫೀವರ್ ಅಥವಾ ಕವಾಸಾಕಿ ಕಾಯಿಲೆ ಇರಬಹುದು. ಎರಡನೆಯದು ಹೃದಯದ ರಕ್ತನಾಳವನ್ನು ಹಿಗ್ಗಿಸುತ್ತದೆ, ಜ್ವರ ಶುರುವಾದ 10 ದಿನದೊಳಗೆ ಚಿಕಿತ್ಸೆ ಆಗಬೇಕು.

ಹಿಮ್ಮರದ_ಹೂ:

ನಾಲಿಗೆಯ ಯಾವ ಭಾಗ ಯಾವ ಅಂಗಕ್ಕೆ ಎಂಬ ನಕ್ಷೆ ಬಗ್ಗೆ ಯಾರೂ ಹೇಳಲಿಲ್ಲ. ತುದಿಗೆ ಹೃದಯ ಸೇರಿಸುವ ನರವಾಗಲಿ ರಕ್ತನಾಳವಾಗಲಿ ಇಲ್ಲ. ಶಾಲೆಯಲ್ಲಿ ಕಲಿತ ರುಚಿಯ ನಕ್ಷೆಯ ಗತಿಯೂ ಇದೇ: ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂಬುದು 1901ರ ಒಂದು ಜರ್ಮನ್ ಅಧ್ಯಯನದಲ್ಲಿ ಕಂಡ ಸಣ್ಣ ವ್ಯತ್ಯಾಸವನ್ನು ಆಮೇಲಿನವರು ಹಿಗ್ಗಿಸಿ ಬರೆದದ್ದು. ರುಚಿಮೊಗ್ಗು ಇರುವೆಡೆಯೆಲ್ಲ ಎಲ್ಲ ರುಚಿಯೂ ಗೊತ್ತಾಗುತ್ತದೆ. ಎರಡೂ ನಕ್ಷೆ ಬಿಡಿ.

ದಂತಶುಚಿ_ಹೈಜಿನಿಸ್ಟ್:

ಸ್ವಚ್ಛತೆಯ ಭಾಗ ನನ್ನದು. ಬಾಯಿ ವಾಸನೆಗೆ ಬಹುಪಾಲು ಕಾರಣ ಬಾಯಲ್ಲೇ ಇರುತ್ತದೆ, ಅದರಲ್ಲೂ ನಾಲಿಗೆಯ ಹಿಂದಿನ ಮೂರನೇ ಒಂದು ಭಾಗ. ಗಾಳಿ ತಾಗದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾ ಅಲ್ಲಿ ಪ್ರೊಟೀನನ್ನು ಕೊಳೆಸಿ ಹೈಡ್ರೋಜನ್ ಸಲ್ಫೈಡ್, ಮಿಥೈಲ್ ಮರ್‌ಕ್ಯಾಪ್ಟನ್ ಅನಿಲ ಬಿಡುತ್ತವೆ. ಮುಂದಿನ ಭಾಗ ಫಳಫಳ ಹೊಳೆದರೂ ವಾಸನೆ ಹೋಗದಿರುವುದು ಇದರಿಂದಲೇ.

ದಿನಕ್ಕೆ ಒಂದು ಸಲ ಸಾಕು, ಬೆಳಿಗ್ಗೆ ಹಲ್ಲುಜ್ಜಿದ ಮೇಲೆ. ಟಂಗ್ ಕ್ಲೀನರನ್ನು ಒದ್ದೆ ಮಾಡಿ, ನಾಲಿಗೆ ಚಾಚಿ, ಉಸಿರು ಹೊರಗೆ ಬಿಡುತ್ತಾ ಹಿಂದಿನಿಂದ ಮುಂದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಪ್ರತಿ ಎಳೆತಕ್ಕೂ ತೊಳೆಯಿರಿ. ಮೂರರಿಂದ ಐದು ಎಳೆತ. ಉಸಿರು ಒಳಗೆಳೆಯುತ್ತಾ ಮಾಡಿದರೆ ವಾಂತಿ ಬಂದಂತಾಗುವುದು ಹೆಚ್ಚು. ಮೊದಲ ವಾರ ನಡುಭಾಗದವರೆಗೆ ಮಾತ್ರ ಹೋಗಿ, ಆಮೇಲೆ ದಿನದಿನಕ್ಕೆ ಸ್ವಲ್ಪ ಹಿಂದಕ್ಕೆ ಸರಿದರೆ ಒಗ್ಗಿಕೊಳ್ಳುತ್ತದೆ. ಮೇಡಂ ಹೇಳಿದ ದೊಡ್ಡ ಗುಂಡುಗಳ ಸಾಲು ಗಡಿ, ಅದರ ಮೇಲೆ ಹೆರೆಯಬಾರದು. ಕ್ಲೀನರ್ ಮೇಲೆ ಬರುವುದು ನೀರು ನೀರಾದ ತಕ್ಷಣ ನಿಲ್ಲಿಸಿ. ಬಿಳಿ ಪೂರ್ತಿ ಹೋಗಲೇಬೇಕು ಎಂದು ಹಟ ಹಿಡಿದು ಗೀರಿದರೆ ರಕ್ತ ಬರುತ್ತದೆ, ಉರಿಯುತ್ತದೆ, ಆ ಉರಿಗೆ ಮತ್ತೊಂದು ರೋಗದ ಹೆಸರು ಹುಡುಕಲು ಹೊರಡುತ್ತಾರೆ. ಬೋಳು ನಾಲಿಗೆಯನ್ನೂ ಹುಣ್ಣಾದ ನಾಲಿಗೆಯನ್ನೂ ಹೆರೆಯಲೇಬೇಡಿ, ಅಲ್ಲಿ ತೆಗೆಯಲು ಏನೂ ಇಲ್ಲ.

ಕರಿ ಕೂದಲು ನಾಲಿಗೆ ಒಂದಕ್ಕೆ ಮಾತ್ರ ಬ್ರಷ್ ಮೇಲು. ಸಾಮಾನ್ಯವಾಗಿ 1 ಮಿಲಿಮೀಟರ್ ಇರುವ ಎಳೆ ಉದುರದೆ 10 ಮಿಲಿಮೀಟರ್ ದಾಟಿಯೂ ಬೆಳೆಯಬಹುದು, ಅದಕ್ಕೆ ಕಾಫಿ, ಟೀ, ತಂಬಾಕಿನ ಬಣ್ಣ ಹಿಡಿಯುತ್ತದೆ. ಮೃದು ಬ್ರಷ್‌ನಿಂದ ದಿನಕ್ಕೆ ಎರಡು ಸಲ ಉಜ್ಜಿ, ತಂಬಾಕು ನಿಲ್ಲಿಸಿ, ಅಗಿಯಬಲ್ಲವರಿಗೆ ಗಟ್ಟಿ ಆಹಾರ ಕೊಟ್ಟರೆ ಇಳಿಯುತ್ತದೆ. ಫಂಗಸ್ ಔಷಧಿ ಇದಕ್ಕೆ ಬೇಡ.

ಮೌತ್‌ವಾಶ್ ಅನ್ನು ರೂಢಿ ಮಾಡಿಕೊಳ್ಳಬೇಡಿ. ಕ್ಲೋರ್‌ಹೆಕ್ಸಿಡಿನ್ ಒಳ್ಳೆಯ ಔಷಧಿಯೇ, ಆದರೆ ವಾರಗಟ್ಟಲೆ ಬಳಸಿದರೆ ನಾಲಿಗೆ ಮತ್ತು ಹಲ್ಲು ಕಂದಾಗುತ್ತವೆ, ರುಚಿ ಕೆಡುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ: ತರಕಾರಿಯ ನೈಟ್ರೇಟನ್ನು ನೈಟ್ರೈಟ್ ಮಾಡಿಕೊಡುವ ಬ್ಯಾಕ್ಟೀರಿಯಾ ನಾಲಿಗೆಯ ಮೇಲೇ ಇವೆ, ದೇಹ ಅದರಿಂದ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಮಾಡಿಕೊಳ್ಳುತ್ತದೆ. ನಾಲಿಗೆ ಸೋಂಕುರಹಿತ ಆಗಬೇಕಾದ ಜಾಗವಲ್ಲ.

ಆರೈಕೆ_ಕೈಪಿಡಿ:

ಎಲ್ಲರಿಗೂ ಧನ್ಯವಾದ. ಬಣ್ಣದ ಪಟ್ಟಿ ಹೋಯಿತು, ನೀಲಿ ಮಾತ್ರ ಉಳಿಯಿತು. ಎರಡು ಸಂದೇಹ ಬಾಕಿ. ಫಂಗಸ್ ಎಂದು ಡಾಕ್ಟರ್ ಡ್ರಾಪ್ಸ್ ಬರೆದು, ಒಂದು ವಾರ ಹಾಕಿ, ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಬರುವುದು ಯಾಕೆ? ನಾಲಿಗೆ ನೋಡಲು ಏನೂ ಇಲ್ಲ, ಆದರೆ ದಿನವಿಡೀ ಉರಿ ಎನ್ನುವವರಿಗೆ ಏನು ಬರೆಯಲಿ?

ಔಷಧಿ_ಅಂಗಳ:

ಫಾರ್ಮಸಿ ಕಡೆಯಿಂದ. ಫಂಗಸ್ ಮರಳಿ ಬರುವುದಕ್ಕೆ ಸಾಮಾನ್ಯ ಕಾರಣ ಡ್ರಾಪ್ಸ್ ಹಾಕುವ ರೀತಿ ಮತ್ತು ಹಲ್ಲಿನ ಸೆಟ್. ಇಂಥ ಡ್ರಾಪ್ಸ್‌ನಲ್ಲಿರುವ ನಿಸ್ಟಾಟಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ, ತಾಗಿದಲ್ಲಿ ಮಾತ್ರ ಕೆಲಸ. ಬಾಯಿಗೆ ಬಿಟ್ಟ ಕೂಡಲೇ ನುಂಗಿ ನೀರು ಕುಡಿದರೆ ಔಷಧಿ ದಂಡ. ಊಟವಾದ ಮೇಲೆ ಹಾಕಿ, ಅರ್ಧ ಅರ್ಧ ಪಾಲು ಎರಡೂ ಕೆನ್ನೆಗೆ ಬಿಟ್ಟು, ಆದಷ್ಟು ಹೊತ್ತು ಬಾಯಲ್ಲಿ ಆಡಿಸಿ, ಆಮೇಲೆ ಅರ್ಧ ಗಂಟೆ ಏನೂ ಕೊಡಬೇಡಿ. ದಿನಕ್ಕೆ ನಾಲ್ಕು ಸಲ, ಬಿಳಿ ಹೋದ ಮೇಲೂ ಕನಿಷ್ಠ 48 ಗಂಟೆ ಮುಂದುವರಿಸಬೇಕು. ಕ್ಲೋರ್‌ಹೆಕ್ಸಿಡಿನ್ ಜೊತೆಜೊತೆಗೇ ಕೊಟ್ಟರೆ ಎರಡೂ ಒಂದನ್ನೊಂದು ಕೆಡಿಸುತ್ತವೆ, ನಡುವೆ ಅರ್ಧ ಗಂಟೆಯಾದರೂ ಬಿಡಿ. ಅಳತೆ ಎಷ್ಟು ಎಂಬುದು ಬರೆದುಕೊಟ್ಟ ಚೀಟಿಯಂತೆ.

ಸೆಟ್ಟನ್ನು ಔಷಧಿ ಹಾಕುವಾಗ ತೆಗೆಯದಿದ್ದರೆ ಅದರ ಅಡಿಯ ಫಂಗಸ್ ಹಾಗೇ ಉಳಿಯುತ್ತದೆ. ಪ್ರತಿ ರಾತ್ರಿ ತೆಗೆದು, ಸೋಪಿನ ನೀರಲ್ಲಿ ಬ್ರಷ್ ಮಾಡಿ, ಸೆಟ್ ಕ್ಲೀನರ್ ದ್ರಾವಣದಲ್ಲಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ತೊಳೆದು ಹಾಕಿ. ಲೋಹದ ಕೊಕ್ಕೆ ಇರುವ ಸೆಟ್ಟಿಗೆ ಬ್ಲೀಚ್ ಬೇಡ, ತುಕ್ಕು ಹಿಡಿಯುತ್ತದೆ. ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರು ಅದಕ್ಕೆ ಸ್ಪೇಸರ್ ಎಂಬ ಕೊಳವೆ ಹಾಕಿಕೊಳ್ಳಲಿ, ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಲಿ. ಇಷ್ಟೆಲ್ಲ ಮಾಡಿಯೂ ಮರಳಿದರೆ ಸಕ್ಕರೆ ಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ಕುಗ್ಗಿದೆಯೇ ಎಂದು ವೈದ್ಯರು ನೋಡಬೇಕು.

ಫಂಗಸ್‌ಗೆ ಮೈಕೊನಜೋಲ್ ಜೆಲ್ ಬರೆದಿದ್ದರೆ ರೋಗಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲು ಕೇಳಿ. ಬಾಯಿಗೆ ಹಚ್ಚುವ ಜೆಲ್ ತಾನೇ ಎನ್ನಬೇಡಿ. ಅದು ರಕ್ತಕ್ಕೆ ಸೇರಿ ವಾರ್ಫರಿನ್ ಪರಿಣಾಮ ಹೆಚ್ಚಿಸಿ ರಕ್ತಸ್ರಾವ ಮಾಡಿಸಬಲ್ಲದು.

ಬಿಸ್ಮತ್ ಇರುವ ಹೊಟ್ಟೆ ಔಷಧಿಯಿಂದ ನಾಲಿಗೆ ರಾತ್ರೋರಾತ್ರಿ ಕಪ್ಪಾಗುವುದು ಲಾಲಾರಸದ ಗಂಧಕದ ಅಂಶ ಸೇರಿ ಬಿಸ್ಮತ್ ಸಲ್ಫೈಡ್ ಆಗುವುದರಿಂದ, ನಿಲ್ಲಿಸಿದ ಕೆಲ ದಿನಕ್ಕೆ ಹೋಗುತ್ತದೆ. ನಿಜವಾಗಿ ಹೆದರಬೇಕಾದ ಔಷಧಿ ಪರಿಣಾಮ ಬೇರೆ. ಎನಲಾಪ್ರಿಲ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆಗಳಿಂದ ನಾಲಿಗೆ, ತುಟಿ ಇದ್ದಕ್ಕಿದ್ದಂತೆ ಊದಿಕೊಳ್ಳಬಹುದು, ವರ್ಷಗಟ್ಟಲೆ ಏನೂ ಆಗದೆ ತೆಗೆದುಕೊಂಡವರಲ್ಲೂ. ತುರಿಕೆ, ದದ್ದು ಇರುವುದಿಲ್ಲ. ಅಲರ್ಜಿ ಮಾತ್ರೆಗೆ ಸಾಮಾನ್ಯವಾಗಿ ಬಗ್ಗದು, ಏಕೆಂದರೆ ಇಲ್ಲಿ ಕೆಲಸ ಮಾಡುವುದು ಅಲರ್ಜಿಯ ರಾಸಾಯನಿಕವಾದ ಹಿಸ್ಟಮಿನ್ ಅಲ್ಲ, ಬ್ರಾಡಿಕಿನಿನ್ ಎಂಬ ಬೇರೆಯದು. ಮಾತು ತೊದಲಿದರೆ, ಜೊಲ್ಲು ನುಂಗಲಾಗದಿದ್ದರೆ ಕೂರಿಸಿಕೊಂಡೇ ತುರ್ತು ಚಿಕಿತ್ಸೆಗೆ ಒಯ್ಯಿರಿ. ಮನೆಯಲ್ಲಿ ಮಾತ್ರೆ ಕೊಟ್ಟು ಕಾದು ನೋಡುವುದು ಬೇಡ. ತಾನೇ ಇಳಿದರೂ ಆ ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ಮತ್ತೆ ನುಂಗಿಸಬೇಡಿ.

ಬಾಯಿರೋಗ_ವೈದ್ಯೆ:

ಉರಿ ನಾಲಿಗೆಗೆ: ನೋಡಲು ಏನೂ ಇಲ್ಲ, ದಿನಕ್ಕೆ ಎರಡು ಗಂಟೆಗೂ ಹೆಚ್ಚು ಉರಿ, ಮೂರು ತಿಂಗಳು ಮೀರಿದೆ ಎಂದಾದರೆ ಬರ್ನಿಂಗ್ ಮೌತ್ ಸಿಂಡ್ರೋಮ್ ಎಂಬ ಹೆಸರಿದೆ. ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚು. ಹಲವರಲ್ಲಿ ಬೆಳಿಗ್ಗೆ ಕಡಿಮೆ, ಸಂಜೆಗೆ ಏರುತ್ತದೆ, ತಿನ್ನುವಾಗ ಇಳಿಯುತ್ತದೆ. ಹುಣ್ಣಿನ ಉರಿ ತಿನ್ನುವಾಗ ಏರುವುದರಿಂದ ಇದೊಂದು ಒಳ್ಳೆಯ ವ್ಯತ್ಯಾಸ. ಆದರೆ ಈ ಹೆಸರು ಕೊಡುವುದು ಬಿ12, ಕಬ್ಬಿಣ, ಸಕ್ಕರೆ, ಥೈರಾಯ್ಡ್, ಫಂಗಸ್, ಬಾಯಿ ಒಣಗು ಇವೆಲ್ಲ ಅಲ್ಲ ಎಂದಾದ ಮೇಲೆ. ಅಷ್ಟರಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ (ನೊರೆ ಬರಿಸುವ ರಾಸಾಯನಿಕ) ಇಲ್ಲದ ಪೇಸ್ಟ್‌ಗೆ ಬದಲಿಸಿ, ಆಲ್ಕೋಹಾಲ್ ಇರುವ ಮೌತ್‌ವಾಶ್ ನಿಲ್ಲಿಸಿ. ಇದು ನರದ ನೋವು, ಮನಸ್ಸಿನ ಕಲ್ಪನೆ ಅಲ್ಲ ಎಂಬ ಒಂದು ಸಾಲು ಕೈಪಿಡಿಯಲ್ಲಿರಲಿ. ಎಷ್ಟೋ ಜನಕ್ಕೆ ಮನೆಯವರೇ ನಂಬುವುದಿಲ್ಲ.

ನುಂಗು_ಥೆರಪಿಸ್ಟ್:

ಮೇಲ್ಮೈ ಬಗ್ಗೆಯೇ ಮಾತಾಯಿತು, ಚಲನೆಯನ್ನೂ ನೋಡಿ. ಚಾಚಿದ ನಾಲಿಗೆ ಹೊಸದಾಗಿ ಒಂದು ಬದಿಗೆ ವಾಲಿದರೆ, ಅದರ ಜೊತೆ ಮುಖ ಸೊಟ್ಟ, ಕೈ ದುರ್ಬಲ, ಮಾತು ತೊದಲು ಇದ್ದರೆ ಸ್ಟ್ರೋಕ್ ಎಂದೇ ತಿಳಿದು ಹೊರಡಿ, ಲಕ್ಷಣ ಶುರುವಾದ ಗಂಟೆ ಬರೆದುಕೊಳ್ಳಿ. ನಾಲಿಗೆಯ ಒಂದು ಬದಿ ಸೊರಗಿ ಸುಕ್ಕಾಗಿದ್ದರೆ 12ನೇ ಕಪಾಲ ನರದ ತೊಂದರೆ, ನಾಲಿಗೆ ಸೊರಗಿದ ಬದಿಗೇ ವಾಲುತ್ತದೆ. ಹುಳ ಹರಿದಾಡಿದಂಥ ನಡುಕವನ್ನು ನೋಡಬೇಕಾದ್ದು ನಾಲಿಗೆ ಬಾಯೊಳಗೆ ಸುಮ್ಮನೆ ಬಿದ್ದಿರುವಾಗ. ಚಾಚಿದರೆ ಆರೋಗ್ಯವಂತರ ನಾಲಿಗೆಯೂ ಅದುರುತ್ತದೆ.

ನುಂಗಲು ಕಷ್ಟವಿರುವವರ ಕೊಳೆ ನಾಲಿಗೆ ಬರೀ ವಾಸನೆಯ ಪ್ರಶ್ನೆಯಲ್ಲ. ಆ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ. ಹಾಗಾಗಿ ಇವರಿಗೆ ಹೈಜಿನಿಸ್ಟ್ ಹೇಳಿದ ಕ್ರಮ ಬದಲಿಸಬೇಕು. ತಲೆಯ ಕಡೆ ಹಾಸಿಗೆಯನ್ನು 30ರಿಂದ 45 ಡಿಗ್ರಿ ಎತ್ತಿ, ಆಗದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ, ಕೆನ್ನೆಯಡಿ ಟವೆಲ್ ಇಡಿ. ಬಾಯಿಗೆ ನೀರು ಸುರಿಯಬೇಡಿ, ಮುಕ್ಕಳಿಸಲು ಹೇಳಬೇಡಿ. ಒಣಗಿ ಅಂಟಿದ ಪದರವಿದ್ದರೆ ಮೊದಲು ಬಾಯಿಗೆ ಹಚ್ಚುವ ಮಾಯಿಶ್ಚರೈಸಿಂಗ್ ಜೆಲ್ ತೆಳುವಾಗಿ ಹಚ್ಚಿ ಐದು ನಿಮಿಷ ಬಿಡಿ, ಮೆತ್ತಗಾಗುತ್ತದೆ. ಆಮೇಲೆ ಹಿಂಡಿದ ಗಾಜ್ ಅಥವಾ ಮೃದು ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಒರೆಸಿ. ಒಣ ಪದರವನ್ನು ಹಾಗೇ ಕಿತ್ತರೆ ತುಂಡು ಗಂಟಲಿಗೆ ಬೀಳುತ್ತದೆ, ಕೆಳಗಿನ ಮೈ ಹರಿಯುತ್ತದೆ. ಪ್ರಜ್ಞೆ ಮಂದವಾಗಿರುವವರ ಬಾಯಿಗೆ ಹಲ್ಲುಗಳ ನಡುವೆ ಬೆರಳು ಇಡಬೇಡಿ, ಕಚ್ಚುವುದು ಅವರ ಕೈಲಿಲ್ಲ.

ಬಾಯಿರೋಗ_ವೈದ್ಯೆ:

ಇದು ಮುಖ್ಯ, ಸೇರಿಸಿಕೊಳ್ಳಿ. ದಾಖಲೆಯ ಬಗ್ಗೆ ಒಂದು ಮಾತು. ಹುಣ್ಣು ಕಂಡ ದಿನಾಂಕ, ಯಾವ ಬದಿ, ಅಂಚೋ ತಳವೋ, ಎಷ್ಟು ಮಿಲಿಮೀಟರ್, ಒರೆಸಿದರೆ ಹೋಯಿತೇ, ಒತ್ತಿದರೆ ಗಡುಸೇ ಎಂದು ಬರೆಸಿ. ಫೋಟೋ ತೆಗೆಯುವುದಾದರೆ ಹಗಲು ಬೆಳಕಲ್ಲಿ, ಫಿಲ್ಟರ್ ಇಲ್ಲದೆ, ಪಕ್ಕದಲ್ಲಿ ಸ್ಕೇಲ್ ಹಿಡಿದು, ಊಟ ಕಾಫಿ ಆಗಿ ಒಂದು ಗಂಟೆ ಬಿಟ್ಟು. ಏಳನೇ ದಿನ ಅದೇ ಕೋನದಿಂದ ಇನ್ನೊಂದು. ಹದಿನಾಲ್ಕನೇ ದಿನವೂ ಹುಣ್ಣು ಅಲ್ಲೇ ಇದ್ದರೆ ಮೂರನೇ ಫೋಟೋಗೆ ಕಾಯದೆ ಎರಡನ್ನೂ ಹಿಡಿದು ಕರೆದುಕೊಂಡು ಹೋಗಲಿ, ಜೊತೆಗೆ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆ.